ಟೋರಾ: ಕಾಡುಪ್ರಾಣಿಯ ಹಕ್ಕು ಊರಿನ ಕೈಗೆ ಬಂದಾಗ

2003ರಲ್ಲಿ ನಮೀಬಿಯಾದ ಕುನೇನೆ ಪ್ರಾಂತ್ಯದ ಬರ್ಗ್‌ಸಿಗ್ ಎಂಬ ಚಿಕ್ಕ ಊರು ಮತ್ತು ಅದರ ಸುತ್ತಲಿನ ಹಟ್ಟಿಗಳ ಜನರ ಕೈಗೆ ಸ್ವಲ್ಪ ಹಣ ಬಂತು. ಸದಸ್ಯರಾಗಿದ್ದ ಪ್ರತಿಯೊಬ್ಬ ವಯಸ್ಕರಿಗೂ ತಲಾ 630 ನಮೀಬಿಯನ್ ಡಾಲರ್. ಅದು ಪಿಂಚಣಿ ಅಲ್ಲ, ಬರ ಪರಿಹಾರ ಅಲ್ಲ, ಯಾವ ದಾನಿ ಸಂಸ್ಥೆ ಕೊಟ್ಟ ದುಡ್ಡೂ ಅಲ್ಲ. ತಮ್ಮ ನೆಲದಲ್ಲಿ ಓಡಾಡುವ ಪ್ರಾಣಿಗಳಿಂದ ಅವರ ಸಂಘವಾದ ಟೋರಾ ಕನ್ಸರ್ವೆನ್ಸಿ ಗಳಿಸಿದ್ದು. ಸಂಬಳ, ಜೀಪು, ಡೀಸೆಲ್ ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿದದ್ದು.

630 ಡಾಲರ್ ದೊಡ್ಡ ಮೊತ್ತವಲ್ಲ. ಆಗಿನ ಲೆಕ್ಕದಲ್ಲಿ ಅಮೆರಿಕದ ನೂರು ಡಾಲರಿಗೂ ಕಡಿಮೆ. ಆದರೂ ಈ ಪ್ರಕರಣದ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ನೆನಪಾಗುವುದು ಇದೇ. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಇದೇ ನೆಲದಲ್ಲಿ ಆನೆ ಎಂದರೆ ಕಳ್ಳರಿಗೆ ದಂತ, ಘೇಂಡಾಮೃಗ ಎಂದರೆ ಕೊಂಬು. ಊರಿನವರಿಗೆ ಮಾತ್ರ ಒಡೆದ ನೀರಿನ ತೊಟ್ಟಿ. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ಬಂದ ಮೇಲೂ ಯಾರಿಗೆ ಲಾಭ, ಯಾರಿಗೆ ನಷ್ಟ? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಟೋರಾ ಕನ್ಸರ್ವೆನ್ಸಿಯ ಕಥೆಯನ್ನು ಮೊದಲಿನಿಂದ ನೋಡೋಣ.

ಕನ್ಸರ್ವೆನ್ಸಿ ಎಂದರೆ ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಅಭಯಾರಣ್ಯ ಅಲ್ಲ. ಅಲ್ಲಿ ಜನ ವಾಸ ಮಾಡುತ್ತಾರೆ, ಕುರಿ ಮೇಕೆ ಮೇಯಿಸುತ್ತಾರೆ. ನೆಲ ಸರ್ಕಾರದ್ದೇ. ಆದರೆ ಆ ನೆಲದ ಮೇಲಿನ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ, ಅವುಗಳಿಂದ ಬರುವ ಆದಾಯ ಪಡೆಯುವ ಹಕ್ಕು ಊರಿನವರ ಸಂಘಕ್ಕೆ ಇರುತ್ತದೆ. ಇವತ್ತು ನಮೀಬಿಯಾದಲ್ಲಿ ಇಂಥ 86 ಕನ್ಸರ್ವೆನ್ಸಿಗಳಿವೆ. ದೇಶದ ಸುಮಾರು ಐದನೇ ಒಂದು ಭಾಗ ನೆಲ ಅವುಗಳ ಕೆಳಗಿದೆ. ಟೋರಾ ಮೊದಲ ನಾಲ್ಕರಲ್ಲಿ ಒಂದು.

ಮಳೆಯಿಲ್ಲದ ನೆಲ, ಎತ್ತಿ ತಂದು ಬಿಟ್ಟ ಜನ

ಟೋರಾದ ವಿಸ್ತೀರ್ಣ ಸುಮಾರು 3,500 ಚದರ ಕಿಲೋಮೀಟರ್. ಅಷ್ಟು ನೆಲದಲ್ಲಿ ಜನ ಸಾವಿರದ ಆಸುಪಾಸು ಮಾತ್ರ. ಪಶ್ಚಿಮಕ್ಕೆ ಸ್ಕೆಲಿಟನ್ ಕೋಸ್ಟ್ ರಾಷ್ಟ್ರೀಯ ಉದ್ಯಾನ, ಅದರಾಚೆ ಅಟ್ಲಾಂಟಿಕ್ ಸಮುದ್ರ. ದಕ್ಷಿಣದ ಕಡೆ ಹುವಾಬ್ ನದಿ. ನದಿ ಎಂದೆ, ಆದರೆ ವರ್ಷದ ಬಹುಪಾಲು ಅದು ಬರೀ ಮರಳಿನ ಹಾದಿ. ಮಳೆ ಎಷ್ಟು ಕಡಿಮೆ ಎಂದರೆ ಬೇಸಾಯದ ಯೋಚನೆಯನ್ನೇ ಮಾಡುವಂತಿಲ್ಲ. ಕೆಂಪು ಬಸಾಲ್ಟ್ ಕಲ್ಲು ಹರಡಿದ ಬೆಟ್ಟಗಳು, ನಡುವೆ ಒಣ ಹುಲ್ಲು, ಅಲ್ಲಲ್ಲಿ ಸಾವಿರ ವರ್ಷ ಬಾಳಬಲ್ಲ ವೆಲ್ವಿಚಿಯಾ ಗಿಡ. ಇಂಥ ಕಡೆ ಬದುಕಿಗೆ ಇರುವ ದಾರಿ ಮೇಕೆ, ಕುರಿ, ಒಂದಿಷ್ಟು ದನ.

ಇಲ್ಲಿರುವವರೆಲ್ಲ ತಲೆಮಾರುಗಳಿಂದ ಇಲ್ಲೇ ಇದ್ದವರಲ್ಲ. ಡಮಾರಾ ಜನರಿದ್ದಾರೆ, ಹೆರೆರೋ ಜನರಿದ್ದಾರೆ. ದೊಡ್ಡ ಗುಂಪೊಂದು ದಕ್ಷಿಣ ಆಫ್ರಿಕಾದ ರೀಮ್‌ವಾಸ್‌ಮಾಕ್ ಎಂಬ ಕಡೆಯಿಂದ ಬಂದದ್ದು. ಬಂದದ್ದು ಅನ್ನುವುದಕ್ಕಿಂತ ತಂದು ಬಿಟ್ಟದ್ದು ಅನ್ನಬೇಕು. ಆಗ ನಮೀಬಿಯಾ ಕೂಡ ದಕ್ಷಿಣ ಆಫ್ರಿಕಾದ ಕೈಕೆಳಗಿತ್ತು. 1973-74ರಲ್ಲಿ ಅಲ್ಲಿನ ವರ್ಣಭೇದದ ಸರ್ಕಾರ ಅವರನ್ನು ಅವರ ಊರಿನಿಂದ ಎಬ್ಬಿಸಿ, ಜಾತಿ ಬಣ್ಣ ನೋಡಿ ಬೇರೆ ಬೇರೆ ಮಾಡಿತು. ಒಂದು ಭಾಗವನ್ನು ಆಗ 'ಡಮಾರಾಲ್ಯಾಂಡ್' ಎಂದು ಗುರುತಿಸಿದ್ದ ಈ ಒಣ ನೆಲಕ್ಕೆ ಸಾಗಿಸಿತು. ಅವರು ಬಿಟ್ಟು ಬಂದ ನೆಲ ಸೈನ್ಯದ ಪಾಲಾಯಿತು. ವರ್ಣಭೇದ ಮುಗಿದು 1994ರಲ್ಲಿ ರೀಮ್‌ವಾಸ್‌ಮಾಕ್ ಜನರಿಗೆ ನೆಲ ವಾಪಸ್ ಸಿಕ್ಕಾಗ ಕೆಲವರು ಹಿಂದಿರುಗಿದರು. ಇನ್ನು ಕೆಲವರು ಇಲ್ಲೇ ಉಳಿದರು.

ಈ ವಿಷಯವನ್ನು ಪ್ರವಾಸೋದ್ಯಮದ ವರದಿಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ತಮ್ಮ ನೆಲದ ಬಗ್ಗೆ ತಮ್ಮನ್ನು ಯಾರೂ ಒಂದು ಮಾತೂ ಕೇಳದೆ ಲಾರಿ ಹತ್ತಿಸಿದ್ದನ್ನು ಕಂಡ ಜನ ಇವರು. ಮುಂದೆ ಒಂದು ಕಂಪನಿ ಬಂದು ಇವರ ಎದುರು ಕರಾರಿನ ಕಾಗದ ಇಟ್ಟಾಗ, ಆ ಕಾಗದದ ತೂಕ ಬೇರೆಯೇ ಇರುತ್ತದೆ ಅಲ್ವಾ?

ಬಂದೂಕಿಲ್ಲದ ಕಾವಲುಗಾರರು

1970ರ ದಶಕದಲ್ಲಿ ವಾಯವ್ಯ ನಮೀಬಿಯಾದ ಪ್ರಾಣಿಗಳ ಮೇಲೆ ಎಲ್ಲ ಕಡೆಯಿಂದ ಏಟು ಬಿತ್ತು. ದಂತ ಮತ್ತು ಕೊಂಬಿನ ಬೇಟೆ ಜೋರಾಗಿತ್ತು. ದಕ್ಷಿಣ ಆಫ್ರಿಕಾದ ಆಡಳಿತದಲ್ಲಿದ್ದವರೇ ಕೆಲವರು ಬೇಟೆಯಾಡುತ್ತಿದ್ದರು. ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿದ್ದ ಕಾಲವಾದ್ದರಿಂದ ದಕ್ಷಿಣ ಆಫ್ರಿಕಾದ ಸೈನ್ಯ ಊರುಗಳಿಗೆ .303 ರೈಫಲ್‌ಗಳನ್ನು ಹಂಚಿತ್ತು. ಅದರ ಮೇಲೆ 1980ರ ದಶಕದ ಮೊದಲಲ್ಲಿ ಭೀಕರ ಬರ. ದನ ಸತ್ತವು. ದನ ಸತ್ತ ಮೇಲೆ ಕೈಯಲ್ಲಿ ಬಂದೂಕಿದ್ದವರು ಜಿಂಕೆ ಹೊಡೆದು ತಿಂದರು. ಹಸಿದ ಮನೆಯಲ್ಲಿ ಯಾರಾದರೂ ಮಾಡುವ ಕೆಲಸವೇ ಅದು. ಇಡೀ ಪ್ರದೇಶದಲ್ಲಿ ಕಪ್ಪು ಘೇಂಡಾಮೃಗಗಳು ನೂರಕ್ಕೂ ಕೆಳಗೆ ಇಳಿದವು.

ಆಗ ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಣಾ ಕಾರ್ಯಕರ್ತರು ಮತ್ತು ಕ್ರಿಸ್ ಐರ್ ಎಂಬ ಸರ್ಕಾರಿ ಪ್ರಕೃತಿ ಸಂರಕ್ಷಣಾ ಅಧಿಕಾರಿ ಬೇರೆ ಹಾದಿ ಹಿಡಿದರು. ಕಳ್ಳಬೇಟೆಯವರನ್ನು ಹಿಡಿದು ಜೈಲಿಗೆ ಹಾಕುವುದರ ಜೊತೆಗೆ ಊರ ಹಿರಿಯರ ಬಳಿ ಹೋಗಿ ಕೂತರು. ಪ್ರಾಣಿಗಳೆಲ್ಲ ಹೋಗಿಬಿಟ್ಟರೆ ನಿಮಗೆ ಪರವಾಗಿಲ್ಲವೇ ಎಂದು ಕೇಳಿದರು. ಪ್ರಾಣಿಗಳು ಹೋಗುವುದು ಹಿರಿಯರಿಗೂ ಬೇಡವಾಗಿತ್ತು. ಅದರ ಫಲವಾಗಿ ಹುಟ್ಟಿದ್ದು ಊರಿನ 'ಗೇಮ್ ಗಾರ್ಡ್' ಪದ್ಧತಿ. ಗಾರ್ಡ್‌ಗಳನ್ನು ಆರಿಸಿದವರು ಊರ ಮುಖ್ಯಸ್ಥರು. ಗಾರ್ಡ್‌ಗಳು ಉತ್ತರ ಹೇಳಬೇಕಿದ್ದದ್ದೂ ಅವರಿಗೇ. ಸಂಬಳ ಎಂದರೆ ಹೆಚ್ಚಾಗಿ ರೇಷನ್: ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಇಂಥವು. ಬಂದೂಕು ಕೊಡಲಿಲ್ಲ. ನಡೆಯಬೇಕು, ಹೆಜ್ಜೆ ಗುರುತು ನೋಡಬೇಕು, ಯಾರು ಬಂದರು ಯಾರು ಹೋದರು ಎಂದು ತಿಳಿದಿರಬೇಕು. ಕಳ್ಳರನ್ನು ಹಿಡಿಯುವುದಕ್ಕಿಂತ ಕಳ್ಳತನವೇ ಆಗದ ಹಾಗೆ ನೋಡಿಕೊಳ್ಳಬೇಕು.

ಇದು ಕೆಲಸ ಮಾಡಿತು. ಮೇಕೆ ಕಾಯುವವನ ಕಣ್ಣು ತಪ್ಪಿಸಿ ಆ ಬಯಲಿನಲ್ಲಿ ಏನೂ ನಡೆಯುವುದಿಲ್ಲ. 1982ರಲ್ಲಿ ಬ್ಲೈತ್ ಲೌಟಿಟ್ ಮತ್ತು ಜೊತೆಗಾರರು ಶುರು ಮಾಡಿದ ಸೇವ್ ದಿ ರೈನೋ ಟ್ರಸ್ಟ್ ಕೂಡ ಊರಿನವರನ್ನೇ ಘೇಂಡಾಮೃಗದ ಹೆಜ್ಜೆ ಹಿಡಿಯುವ ಕೆಲಸಕ್ಕೆ ತೆಗೆದುಕೊಂಡಿತು. ಹಿಂದೆ ಬೇಟೆಗೆ ಬಳಕೆಯಾಗುತ್ತಿದ್ದ ವಿದ್ಯೆ ಕಾವಲಿಗೆ ಬಂತು. ಓವನ್-ಸ್ಮಿತ್ ಅವರ ಜೊತೆ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಜೇಕಬ್‌ಸನ್ ಸೇರಿದರು. ಇಬ್ಬರಿಗೂ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಹೊತ್ತಿಗೆ ಊರಿಗೆ ಪ್ರವಾಸೋದ್ಯಮದ ದುಡ್ಡು ಬಂದಿರಲಿಲ್ಲ. ಹಕ್ಕೂ ಇರಲಿಲ್ಲ. ಇದ್ದದ್ದು ಜವಾಬ್ದಾರಿ, ಮತ್ತು ನಿಮ್ಮ ಮಾತಿಗೆ ಬೆಲೆ ಇದೆ ಎಂಬ ಒಂದು ಗೌರವ. ಮುಂದೆ ಬಂದದ್ದೆಲ್ಲ ಈ ಅಡಿಪಾಯದ ಮೇಲೆ ನಿಂತದ್ದು. ಎಷ್ಟೋ ದೇಶಗಳಲ್ಲಿ ಮೊದಲು ರೆಸಾರ್ಟ್ ಬರುತ್ತದೆ, ಆಮೇಲೆ ಊರಿನವರನ್ನು ಕರೆದು ಸಭೆ ಮಾಡುತ್ತಾರೆ. ಟೋರಾದಲ್ಲಿ ಕ್ಯಾಂಪು ಬರುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಕಾವಲು ಶುರುವಾಗಿತ್ತು.

1996: ಒಂದು ಕಾನೂನು, ಒಂದು ಕರಾರು

ನಮೀಬಿಯಾಕ್ಕೆ ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು. ಅದಕ್ಕೂ ಮೊದಲು ಅಲ್ಲಿ ವಿಚಿತ್ರ ಸ್ಥಿತಿ ಇತ್ತು. ಬಿಳಿಯ ರೈತರಿಗೆ 1960ರ ದಶಕದಿಂದಲೇ ತಮ್ಮ ಜಮೀನಿನ ಜಿಂಕೆ, ಮತ್ತು ಜಿಂಕೆಯಂಥವೇ ಆದ ಓರಿಕ್ಸ್, ಕುಡುಗಳ ಮೇಲೆ ಹಕ್ಕಿತ್ತು. ಬೇಟೆಗಾರರಿಂದ ದುಡ್ಡು ತೆಗೆದುಕೊಳ್ಳಬಹುದು, ಮಾಂಸ ಮಾರಬಹುದು, ಪ್ರಾಣಿಗಳನ್ನೇ ಮಾರಬಹುದು. ಹಾಗಾಗಿ ಅವರ ಜಮೀನುಗಳಲ್ಲಿ ಪ್ರಾಣಿಗಳು ಜಾಸ್ತಿಯಾದವು. ಪಕ್ಕದ ಸಮುದಾಯ ನೆಲದಲ್ಲಿದ್ದ ಕಪ್ಪು ಜನರಿಗೆ ಅದೇ ಪ್ರಾಣಿಯ ಮೇಲೆ ಏನೂ ಹಕ್ಕಿಲ್ಲ. ಹೊಡೆದರೆ ಅಪರಾಧ.

ಸ್ವಾತಂತ್ರ್ಯದ ಬಳಿಕ ಹೊಸ ಸಚಿವಾಲಯದ ಅಧಿಕಾರಿಗಳು ಊರೂರಿಗೆ ಹೋಗಿ ಜನರ ಜೊತೆ ಮಾತಾಡಿದರು. ಜನ ಪ್ರಾಣಿಗಳನ್ನು ಓಡಿಸಿ ಎಂದು ಹೇಳಲಿಲ್ಲ. ಬಿಳಿಯ ರೈತರಿಗೆ ಇರುವ ಹಕ್ಕು ನಮಗೂ ಇರಲಿ ಎಂದರು. 1996ರಲ್ಲಿ ಪ್ರಕೃತಿ ಸಂರಕ್ಷಣಾ ಕಾನೂನಿಗೆ ತಿದ್ದುಪಡಿ ಬಂತು. ಒಂದು ಊರಿನ ಗುಂಪು ತನ್ನ ಗಡಿ ಗುರುತಿಸಿ, ನೆರೆಯವರ ಒಪ್ಪಿಗೆ ಪಡೆದು, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿ, ಒಂದು ಸಂವಿಧಾನ ಬರೆದುಕೊಂಡರೆ ಅದು ಕನ್ಸರ್ವೆನ್ಸಿ ಆಗಬಹುದು. ಬಂದ ಆದಾಯವನ್ನು ಹೇಗೆ ಹಂಚುತ್ತೀರಿ ಎಂದೂ ಹೇಳಬೇಕು. ಓದಲು ಸುಲಭ, ಮಾಡಲು ಬಹಳ ಕಷ್ಟ. ನಮ್ಮ ಊರುಗಳಲ್ಲಿ ಎರಡು ಹೊಲದ ನಡುವಿನ ಬದುವಿಗೇ ವರ್ಷಗಟ್ಟಲೆ ಜಗಳ ಆಗುತ್ತದೆ. ಅಲ್ಲಿ 3,500 ಚದರ ಕಿಲೋಮೀಟರಿನ ಗಡಿ ಒಪ್ಪಿಸಬೇಕಿತ್ತು.

ಟೋರಾ 1998ರಲ್ಲಿ ನೋಂದಣಿಯಾಯಿತು. ಅದೇ ವರ್ಷ ನ್ಯಾಯೆ ನ್ಯಾಯೆ, ಸಲಂಬಾಲಾ ಮತ್ತು 'ಆನೆಯ ಮೂಲೆ' ಎಂಬ ಅರ್ಥದ ಹೆಸರಿರುವ ಕೋವಾದಿ ಹೋವಾಸ್ ಕೂಡ ನೋಂದಣಿಯಾದವು.

ಆದರೆ ಕರಾರು ಇದಕ್ಕೂ ಮೊದಲೇ ಆಗಿತ್ತು. ವೈಲ್ಡರ್ನೆಸ್ ಸಫಾರೀಸ್ ಎಂಬ ಪ್ರವಾಸಿ ಕಂಪನಿ ಹುವಾಬ್ ಕಣಿವೆಯಲ್ಲಿ ಟೆಂಟಿನ ಕ್ಯಾಂಪು ಮಾಡಬೇಕೆಂದು ಬಂತು. ಆಗ ಕನ್ಸರ್ವೆನ್ಸಿ ಇರಲಿಲ್ಲ. ಊರಿನವರು ಒಂದು ನಿವಾಸಿಗಳ ಸಂಘ ಮಾಡಿಕೊಂಡಿದ್ದರು. ಕಂಪನಿ ಆ ಸಂಘದ ಜೊತೆ ಮಾತುಕತೆ ಮಾಡಿತು. 1996ರಲ್ಲಿ ಡಮಾರಾಲ್ಯಾಂಡ್ ಕ್ಯಾಂಪ್ ತೆರೆಯಿತು. ಕರಾರಿನ ತಿರುಳು ಹೀಗಿತ್ತು. ಪ್ರವಾಸಿಗಳು ಉಳಿದುಕೊಂಡ ಪ್ರತಿ ಹಾಸಿಗೆಯ ನಿವ್ವಳ ಆದಾಯದಲ್ಲಿ ಶೇ. 10 ಊರಿಗೆ. ಕೆಲಸಕ್ಕೆ ಮೊದಲು ಊರಿನವರು. ಬರೀ ಪಾತ್ರೆ ತೊಳೆಯುವುದಕ್ಕಲ್ಲ, ಮ್ಯಾನೇಜರ್ ಆಗುವವರೆಗೆ ತರಬೇತಿ. ಹತ್ತು ವರ್ಷದ ಬಳಿಕ ಕ್ಯಾಂಪಿನ ಒಡೆತನವನ್ನು ಹಂತ ಹಂತವಾಗಿ ಊರಿಗೆ ಬಿಟ್ಟುಕೊಡುವ ದಾರಿ.

ಕೊನೆಯ ಷರತ್ತನ್ನು ನೋಡಿ. ಮಾಮೂಲಿ ಕರಾರಿನಲ್ಲಿ ಊರಿಗೆ ಬಾಡಿಗೆ ಸಿಗುತ್ತದೆ, ಕೆಲಸ ಸಿಗುತ್ತದೆ. ಆಸ್ತಿ ಕಂಪನಿಯದ್ದೇ ಉಳಿಯುತ್ತದೆ. ಇಲ್ಲಿ ಆಸ್ತಿಯ ಮಾತೇ ಮೊದಲ ದಿನದಿಂದ ಕಾಗದದಲ್ಲಿತ್ತು. ಮುಂದೆ ಮಾತುಕತೆ ಬೇರೆ ರೂಪ ಪಡೆದು ಕ್ಯಾಂಪಿನ ಶೇ. 40 ಪಾಲು ಊರಿನದಾಯಿತು. ಪೂರ್ತಿ ಏಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಬಹುದು. ಜರ್ಮನಿ, ಬ್ರಿಟನ್, ಅಮೆರಿಕದಿಂದ ಪ್ರವಾಸಿಗಳನ್ನು ಕರೆತರುವ ಜಾಲ, ಬುಕಿಂಗ್, ವಿಮಾನ ಎಲ್ಲ ಕಂಪನಿಯ ಕೈಯಲ್ಲಿದೆ. ಟೆಂಟು ನಮ್ಮದಾಗಿ ಬಂದವರು ಯಾರೂ ಇಲ್ಲದಿದ್ದರೆ ಏನು ಉಪಯೋಗ? ಸಾವಿರ ಜನರ ಒಂದು ಬಡ ಸಮುದಾಯಕ್ಕೆ ಈ ಪಾಲುದಾರಿಕೆ ಬುದ್ಧಿವಂತಿಕೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ದುಡ್ಡು ಬಂದ ದಾರಿ, ಹೋದ ದಾರಿ

ಟೋರಾದ ಆದಾಯ ಕ್ಯಾಂಪಿನಿಂದ ಮಾತ್ರ ಬರುತ್ತಿರಲಿಲ್ಲ. ಬೇಟೆಯ ಪರವಾನಗಿ ಇನ್ನೊಂದು ಮೂಲ. ಸರ್ಕಾರ ಪ್ರತಿ ವರ್ಷ ಲೆಕ್ಕ ನೋಡಿ ಇಷ್ಟು ಪ್ರಾಣಿ ಎಂದು ಕೋಟಾ ಕೊಡುತ್ತದೆ. ವಿದೇಶಿ ಬೇಟೆಗಾರರನ್ನು ಕರೆತರುವ ವೃತ್ತಿಪರರ ಜೊತೆ ಕನ್ಸರ್ವೆನ್ಸಿ ಕರಾರು ಮಾಡಿಕೊಳ್ಳುತ್ತದೆ. ಮೂರನೆಯದು ಸ್ಪ್ರಿಂಗ್‌ಬಾಕ್ ಎಂಬ ಜಿಂಕೆಗಳನ್ನು ಜೀವಂತ ಹಿಡಿದು ಖಾಸಗಿ ಜಮೀನುಗಳಿಗೆ ಮಾರುವುದು. ನಾಲ್ಕನೆಯದು ಊಟಕ್ಕೆ ಮಾಂಸ.

ಬೇಟೆ ಎಂದ ಕೂಡಲೇ ನಮ್ಮ ಓದುಗರಲ್ಲಿ ಹಲವರಿಗೆ ಮುಜುಗರ ಆಗುತ್ತದೆ. ನನಗೂ ಆಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಬಳಿಕ ಬೇಟೆ ಎಂದರೆ ಅಪರಾಧ ಎಂದೇ ಬೆಳೆದವರು ನಾವು. ಆದರೆ ಟೋರಾದವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಕ್ಯಾಂಪು ಕಟ್ಟಲು, ಜನರಿಗೆ ಕೆಲಸ ಕಲಿಸಲು, ಪ್ರವಾಸಿಗಳಿಗೆ ಹೆಸರು ಗೊತ್ತಾಗಲು ವರ್ಷಗಳು ಬೇಕು. ಬೇಟೆಯ ಕರಾರಿಗೆ ಅದೆಲ್ಲ ಬೇಡ, ಮೊದಲ ವರ್ಷದಿಂದಲೇ ದುಡ್ಡು ಬರುತ್ತದೆ. ಪ್ರವಾಸಿಗಳು ಕಾಲಿಡದ ದೂರದ ಕಣಿವೆಗಳಲ್ಲೂ ಬರುತ್ತದೆ. ನಮೀಬಿಯಾದ ಹಲವು ಕನ್ಸರ್ವೆನ್ಸಿಗಳಲ್ಲಿ ಗೇಮ್ ಗಾರ್ಡ್‌ಗಳ ಸಂಬಳ ಹುಟ್ಟುವುದು ಅಲ್ಲಿಂದಲೇ. ಇದನ್ನು ಒಪ್ಪದೆ ಇರಬಹುದು. ಆದರೆ ಇದನ್ನು ಬಿಟ್ಟು ಬರೀ ಪ್ರವಾಸೋದ್ಯಮದ ಕಥೆ ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಶುರುವಿನಲ್ಲಿ ಕನ್ಸರ್ವೆನ್ಸಿಯ ಖರ್ಚಿಗೆ ದಾನಿಗಳ ನೆರವಿತ್ತು. 2000ದ ಹೊತ್ತಿಗೆ ಟೋರಾ ತನ್ನ ಖರ್ಚನ್ನು ತಾನೇ ಭರಿಸುವ ನಮೀಬಿಯಾದ ಮೊದಲ ಕನ್ಸರ್ವೆನ್ಸಿ ಆಯಿತು. ಗಾರ್ಡ್‌ಗಳ ಸಂಬಳ, ವಾಹನ, ಕಚೇರಿ ಎಲ್ಲವೂ ಅದರ ದುಡ್ಡಿನಲ್ಲೇ. ಇದು ಓದುವಾಗ ಸಣ್ಣ ವಿಷಯ ಅನ್ನಿಸಬಹುದು. ಆದರೆ ದಾನಿಯ ದುಡ್ಡಿನಲ್ಲಿ ನಡೆಯುವ ಸಂಘ ದಾನಿಗೆ ವರದಿ ಬರೆಯುತ್ತದೆ. ತನ್ನ ದುಡ್ಡಿನಲ್ಲಿ ನಡೆಯುವ ಸಂಘ ಸದಸ್ಯರಿಗೆ ಲೆಕ್ಕ ಕೊಡಬೇಕಾಗುತ್ತದೆ.

ಉಳಿದ ಹಣ ಏನು ಮಾಡಬೇಕು? ಶಾಲೆಗೆ ಕೊಡಬೇಕೋ, ಎಲ್ಲರಿಗೂ ಹಂಚಬೇಕೋ, ಬ್ಯಾಂಕಿನಲ್ಲಿ ಇಡಬೇಕೋ? ಯಾವ ಊರಿನಲ್ಲಾದರೂ ಇಂಥ ಪ್ರಶ್ನೆ ಎದ್ದರೆ ಸಭೆ ಬೇಗ ಮುಗಿಯುವುದಿಲ್ಲ. 2003ರ 630 ಡಾಲರ್ ಹಂಚಿಕೆ ಆ ಪ್ರಶ್ನೆಗೆ ಟೋರಾದವರು ಕೊಟ್ಟ ಒಂದು ಉತ್ತರ. ಅಭಿವೃದ್ಧಿ ತಜ್ಞರಿಗೆ ನಗದು ಹಂಚುವುದು ಅಷ್ಟು ಇಷ್ಟವಾಗುವುದಿಲ್ಲ. ಅದು ಖರ್ಚಾಗಿ ಹೋಗುತ್ತದೆ, ಕಟ್ಟಡವಾದರೆ ಉಳಿಯುತ್ತದೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೂರದ ಹಟ್ಟಿಯಲ್ಲಿರುವ, ಕ್ಯಾಂಪಿನಲ್ಲಿ ಯಾರೂ ಕೆಲಸಕ್ಕಿಲ್ಲದ ಮನೆಯ ಅಜ್ಜಿಗೆ ಕನ್ಸರ್ವೆನ್ಸಿ ಎಂಬುದು ಅಲ್ಲಿಯವರೆಗೆ ಬರೀ ಸಭೆ, ಬರೀ ಮಾತು. ಕೈಗೆ ನೋಟು ಬಂದ ದಿನ ಅದು ತನ್ನದೂ ಆಯಿತು. ಅದು ಒಮ್ಮೆ ಆದರೂ ಆಗಬೇಕಿತ್ತು.

ಕೆಲಸದ ವಿಷಯದಲ್ಲಿ ಕ್ಯಾಂಪು ಮಾತಿಗೆ ತಪ್ಪಲಿಲ್ಲ. ಮೇಕೆ ಮೇಯಿಸುತ್ತಿದ್ದ ಹುಡುಗಿಯೊಬ್ಬಳು ಅಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿ, ಗೈಡ್ ಆಗಿ, ಕೊನೆಗೆ ಕ್ಯಾಂಪಿನ ಮ್ಯಾನೇಜರ್ ಆದಳು. ಸುತ್ತಮುತ್ತಲ ಊರುಗಳ ಹೆಣ್ಣುಮಕ್ಕಳಿಗೆ ಅದು ದೊಡ್ಡ ಸುದ್ದಿ. ಒಂದು ಸಂಬಳ ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಅಕ್ಕನ ಮಗನ ಶಾಲೆ ಫೀಸು, ಅಜ್ಜಿಯ ಔಷಧಿ, ಸತ್ತ ಮೇಕೆಯ ಬದಲಿಗೆ ಹೊಸ ಮೇಕೆ, ಹೀಗೆ ಹರಿದು ಹೋಗುತ್ತದೆ.

ಹೊರಗಿನ ಮನ್ನಣೆಯೂ ಬಂತು. 2004ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ, 2005ರಲ್ಲಿ ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿಯ ಪ್ರಶಸ್ತಿ.

ಆನೆ ಬಂದ ರಾತ್ರಿ

ಈಗ ಕಷ್ಟದ ಭಾಗಕ್ಕೆ ಬರೋಣ.

ಕಾವಲು ಗಟ್ಟಿಯಾದಂತೆ ಪ್ರಾಣಿಗಳು ಹೆಚ್ಚಿದವು. ಕುನೇನೆಯ ಸಿಂಹಗಳು 1990ರ ದಶಕದ ಕೊನೆಯಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದವು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ನೂರು ದಾಟಿದವು. ಘೇಂಡಾಮೃಗಗಳು ಬೇಲಿಯಿಲ್ಲದ ನೆಲದಲ್ಲಿ ಮತ್ತೆ ಓಡಾಡತೊಡಗಿದವು. ಮರುಭೂಮಿಗೆ ಹೊಂದಿಕೊಂಡ ಆನೆಗಳು ತಮ್ಮ ಹಳೆಯ ದಾರಿಗಳಿಗೆ ಮರಳಿದವು. ಪತ್ರಿಕೆಗಳಿಗೆ ಇದು ಗೆಲುವಿನ ಸುದ್ದಿ. ಹುವಾಬ್ ದಂಡೆಯ ಹಟ್ಟಿಗೆ ಇದು ನಿದ್ದೆಗೇಡಿನ ಸುದ್ದಿ.

ಅಲ್ಲಿ ಆನೆಗೆ ಬೇಕಾದದ್ದು ಮುಖ್ಯವಾಗಿ ನೀರು. ಇಡೀ ಬಯಲಿನಲ್ಲಿ ನೀರಿರುವುದು ಬೋರ್‌ವೆಲ್ ಹತ್ತಿರ. ಡೀಸೆಲ್ ಪಂಪು, ಒಂದು ಟ್ಯಾಂಕು, ಜಾನುವಾರಿಗೆ ಒಂದು ತೊಟ್ಟಿ. ಆನೆ ರಾತ್ರಿ ಬರುತ್ತದೆ. ತೊಟ್ಟಿ ಖಾಲಿಯಾದರೆ ಪೈಪು ಕಿತ್ತು ಹಾಕುತ್ತದೆ, ಟ್ಯಾಂಕು ಒಡೆಯುತ್ತದೆ. ಬೆಳಿಗ್ಗೆ ಎದ್ದರೆ ಮನುಷ್ಯರಿಗೂ ನೀರಿಲ್ಲ, ಮೇಕೆಗೂ ನೀರಿಲ್ಲ. ರಿಪೇರಿಯವರು ಬರಬೇಕಾದರೆ ಎಷ್ಟೋ ದೂರದಿಂದ ಬರಬೇಕು. ಮತ್ತೆ ನೀರು ತುಂಬಿಸಬೇಕಾದರೆ ಡೀಸೆಲ್ ಬೇಕು. ಆನೆ ಕುಡಿದ ನೀರಿನ ಡೀಸೆಲ್ ದುಡ್ಡು ಯಾರು ಕೊಡಬೇಕು? ಹಾಸನ, ಕೊಡಗಿನ ಕಾಫಿ ತೋಟಗಳ ನಡುವೆ ಇರುವವರಿಗೆ ಆ ರಾತ್ರಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಟೋರಾ ಕಂಡುಕೊಂಡ ಉತ್ತರಗಳು ಸರಳ. ಪಂಪು ಮತ್ತು ಟ್ಯಾಂಕಿನ ಸುತ್ತ ದಪ್ಪ ಕಲ್ಲಿನ ಗೋಡೆ. ಹಟ್ಟಿಯಿಂದ ದೂರದಲ್ಲಿ ಆನೆಗೆಂದೇ ಬೇರೆ ನೀರಿನ ಜಾಗ. ಡೀಸೆಲ್‌ಗೆ ಕನ್ಸರ್ವೆನ್ಸಿಯಿಂದ ನೆರವು. ಆನೆಯನ್ನು ಓಡಿಸುವ ಬದಲು ಅದಕ್ಕೊಂದು ತೊಟ್ಟಿ ಕಟ್ಟಿಸುವ ಯೋಚನೆ, ನೀರಿನ ಬೆಲೆ ಗೊತ್ತಿರುವ ಪಶುಪಾಲಕರಿಗೇ ಬರುವಂಥದ್ದು.

ಮೇಕೆ ಕುರಿಯ ನಷ್ಟ ಇನ್ನೂ ಕಠಿಣ. ಸಿಂಹವೊಂದೇ ಅಲ್ಲ. ಚಿರತೆ, ಚೀತಾ, ಕತ್ತೆಕಿರುಬ, ನರಿ ಎಲ್ಲವೂ ಹಿಡಿಯುತ್ತವೆ. (2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಎಂಟು ಚೀತಾಗಳು ಇದೇ ನಮೀಬಿಯಾದವು. ನಮೀಬಿಯಾದ ಚೀತಾಗಳಲ್ಲಿ ಬಹುಪಾಲು ಉದ್ಯಾನಗಳ ಹೊರಗೆ, ರೈತರ ಜಮೀನಿನಲ್ಲೇ ಬದುಕುತ್ತವೆ.) ಒಂದೇ ರಾತ್ರಿ ದೊಡ್ಡಿಗೆ ನುಗ್ಗಿದ ಪ್ರಾಣಿ ಹತ್ತಾರು ಮೇಕೆಗಳನ್ನು ಮುಗಿಸಿಬಿಡಬಲ್ಲದು. ಆ ಮನೆಗೆ ಅದು ಬ್ಯಾಂಕು ಮುಳುಗಿದ ಹಾಗೆ.

ಸಮುದಾಯ ಪ್ರವಾಸೋದ್ಯಮದ ಒಳಗಿನ ದೊಡ್ಡ ಬಿರುಕು ಕಾಣುವುದು ಇಲ್ಲೇ. ಲಾಭ ಬರುವುದು ಸಂಘಕ್ಕೆ. ನಷ್ಟ ಆಗುವುದು ಒಂದು ಮನೆಗೆ. ಕ್ಯಾಂಪಿನಲ್ಲಿ ಸಂಬಳ ಪಡೆಯುವವರೂ ದೊಡ್ಡಿಯಲ್ಲಿ ಮೇಕೆ ಕಳೆದುಕೊಂಡವರೂ ಒಂದೇ ಮನೆಯವರಾಗಿರಬೇಕೆಂದಿಲ್ಲ. ವರ್ಷದ ಲೆಕ್ಕಪತ್ರದಲ್ಲಿ ಇಡೀ ಕನ್ಸರ್ವೆನ್ಸಿ ಲಾಭದಲ್ಲಿರಬಹುದು. ಅದೇ ವರ್ಷ ಅದರೊಳಗಿನ ಒಂದು ಸಂಸಾರ ನೆಲ ಕಚ್ಚಿರಬಹುದು. ಸರಾಸರಿ ತೆಗೆದರೆ ಆ ಸಂಸಾರ ಕಾಣುವುದೇ ಇಲ್ಲ.

ಟೋರಾದವರು ಇದನ್ನು ಬೇಗ ಗುರುತಿಸಿದರು. 2000ದ ದಶಕದ ಮೊದಲಲ್ಲೇ ನಷ್ಟಭರ್ತಿಯ ಸ್ವಂತ ವಿಮೆಯಂಥ ಯೋಜನೆಯನ್ನು ಪ್ರಯೋಗ ಮಾಡಿದ ಕನ್ಸರ್ವೆನ್ಸಿಗಳಲ್ಲಿ ಇದೂ ಒಂದು. ಗಾರ್ಡ್ ಬಂದು ಹೆಜ್ಜೆ ಗುರುತು, ಕಚ್ಚಿದ ಗುರುತು ನೋಡುತ್ತಾನೆ. ರಾತ್ರಿ ದೊಡ್ಡಿಯಲ್ಲಿ ಕೂಡಿದ್ದಿರಾ, ಕಾವಲಿತ್ತಾ ಎಂದು ಕೇಳುತ್ತಾನೆ. ಸಮಿತಿ ತೀರ್ಮಾನ ಮಾಡುತ್ತದೆ. 2009ರಲ್ಲಿ ಸರ್ಕಾರ ಇದೇ ಬಗೆಯ ರಾಷ್ಟ್ರೀಯ ನೀತಿ ತಂದಿತು. ಆದರೆ ಆ ಹಣ ಮೇಕೆಯ ಪೂರ್ತಿ ಬೆಲೆಗೆ ಎಂದೂ ಸಮವಾಗಲಿಲ್ಲ. ಅದು ಪರಿಹಾರ ಅಲ್ಲ, ನೋವನ್ನು ಸ್ವಲ್ಪ ತಗ್ಗಿಸುವ ನೆರವು ಎಂದೇ ನೀತಿ ಹೇಳುತ್ತದೆ. ಮೇಕೆ ಕಳೆದುಕೊಂಡವರ ಎದುರು ನಿಂತು ಆ ವ್ಯತ್ಯಾಸ ವಿವರಿಸುವುದು ಸುಲಭ ಅಲ್ಲ. ಹಾಗೆ ನಿಲ್ಲಬೇಕಾದವನು ಅದೇ ಊರಿನ ಗೇಮ್ ಗಾರ್ಡ್. ಅವನು ಅವರ ಅಣ್ಣನೋ ಅಳಿಯನೋ ಆಗಿರುತ್ತಾನೆ.

ಹಳದಿ ಪುಸ್ತಕ

ಈ ಗಾರ್ಡ್‌ಗಳ ಕೈಯಲ್ಲಿ ಇರುವ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ನಮೀಬಿಯಾದ ಕನ್ಸರ್ವೆನ್ಸಿಗಳಲ್ಲಿ 2000ದ ಸುಮಾರಿನಿಂದ 'ಈವೆಂಟ್ ಬುಕ್' ಎಂಬ ಪದ್ಧತಿ ಇದೆ. ದಿನದ ಘಟನೆಗಳಿಗೆ ಹಳದಿ ಪುಸ್ತಕ. ತಿಂಗಳ ಒಟ್ಟು ಲೆಕ್ಕಕ್ಕೆ ನೀಲಿ. ವರ್ಷಗಳ ಏರಿಳಿತಕ್ಕೆ ಕೆಂಪು. ಕಂಪ್ಯೂಟರ್ ಬೇಡ, ದೊಡ್ಡ ಓದೂ ಬೇಡ. ಘೇಂಡಾಮೃಗ ಕಂಡರೆ ಬರೆಯಬೇಕು. ಉರುಳು ಸಿಕ್ಕರೆ ಬರೆಯಬೇಕು. ಯಾರ ಮೇಕೆ ಸತ್ತಿತು, ಯಾವ ಪ್ರಾಣಿ ಕೊಂದಿತು, ಯಾವ ತೊಟ್ಟಿ ಒಡೆಯಿತು ಎಂದು ಅದರಲ್ಲೇ ಬರೆಯಬೇಕು.

ಪುಸ್ತಕ ಊರಿನಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಸಂಶೋಧಕರು ಬಂದು ಮಾಹಿತಿ ತೆಗೆದುಕೊಂಡು ಹೋಗುತ್ತಾರೆ. ಊರಿಗೆ ಅದು ವಾಪಸ್ ಬರುವುದು ಅಪರೂಪ. ಇಲ್ಲಿ ಮೂಲ ಪ್ರತಿ ಊರಿನದು, ಸರ್ಕಾರಕ್ಕೆ ಹೋಗುವುದು ನಕಲು. ವಾರ್ಷಿಕ ಸಭೆಯಲ್ಲಿ ಈ ವರ್ಷ ಸಿಂಹದ ದಾಳಿ ಜಾಸ್ತಿ ಎಂದು ಯಾರಾದರೂ ಹೇಳಿದರೆ, ಪುಸ್ತಕ ತೆಗೆದು ನೋಡಬಹುದು. ಪ್ರಾಣಿ ಕಂಡ ಲೆಕ್ಕವೂ ಮೇಕೆ ಸತ್ತ ಲೆಕ್ಕವೂ ಒಂದೇ ಪುಸ್ತಕದಲ್ಲಿ ಇರುವುದು ನನಗೆ ತುಂಬ ಹಿಡಿಸಿದ ವಿಷಯ. ಅದರ ಜೊತೆಗೆ ಪ್ರತಿ ವರ್ಷ ವಾಯವ್ಯದ ಕನ್ಸರ್ವೆನ್ಸಿಗಳು, ಸಚಿವಾಲಯ, ಸಂಸ್ಥೆಗಳು ಒಟ್ಟಿಗೆ ಸೇರಿ ಗೊತ್ತು ಮಾಡಿದ ದಾರಿಗಳಲ್ಲಿ ಜೀಪಿನಲ್ಲಿ ಹೋಗಿ ಪ್ರಾಣಿ ಎಣಿಸುತ್ತವೆ. ಎಣಿಸುವವರಲ್ಲಿ ಊರಿನವರೂ ಇರುತ್ತಾರೆ. ಹಾಗಾಗಿ ಕೋಟಾ ಇಳಿಸಿದರೂ ಏಕೆ ಎಂದು ಅವರಿಗೆ ಗೊತ್ತಿರುತ್ತದೆ.

ಬರ, ಮತ್ತೆ ಖಾಲಿ ಟೆಂಟುಗಳು

2012-13ರಿಂದ ಕುನೇನೆಯಲ್ಲಿ ಮಳೆ ಕೈಕೊಡತೊಡಗಿತು. ಒಂದು ವರ್ಷದ ಬರ ಅಲ್ಲ. ನಡುವೆ ಅಷ್ಟಿಷ್ಟು ಹನಿದು ಮತ್ತೆ ವರ್ಷ ವರ್ಷ ಮುಂದುವರಿದ ಬರ. ಹುಲ್ಲು ಹೋಯಿತು. ಮೇಕೆ ದನ ಸತ್ತವು. ಸ್ಪ್ರಿಂಗ್‌ಬಾಕ್, ಓರಿಕ್ಸ್, ಜೀಬ್ರಾಗಳ ಸಂಖ್ಯೆ ತೀರಾ ಇಳಿಯಿತು. ಜಿಂಕೆ ಕಡಿಮೆಯಾದಾಗ ಸಿಂಹ ದೊಡ್ಡಿಯ ಕಡೆ ತಿರುಗಿತು. ಒಂದು ಕಾಲಕ್ಕೆ ಜೀವಂತ ಹಿಡಿದು ಮಾರುವಷ್ಟು ಸ್ಪ್ರಿಂಗ್‌ಬಾಕ್ ಇದ್ದ ಬಯಲಿನಲ್ಲಿ ಮಾಂಸದ ಕೋಟಾಕ್ಕೂ ಕತ್ತರಿ ಬಿತ್ತು.

ಇಂಥ ಹೊತ್ತಿನಲ್ಲಿ ಕ್ಯಾಂಪಿನ ದುಡ್ಡಿನ ಬೆಲೆ ತಿಳಿಯಿತು. ಮಳೆ ಬರಲಿ ಬಿಡಲಿ, ಕೆಂಪು ಬೆಟ್ಟ ನೋಡಲು, ಒಣ ನದಿಯಲ್ಲಿ ಆನೆ ನೋಡಲು ಯುರೋಪಿನವರು ಬರುತ್ತಲೇ ಇದ್ದರು. ಮೇಕೆ ಸತ್ತ ಮನೆಗೆ ಮಗಳ ಸಂಬಳ ಆಸರೆಯಾಯಿತು. ಬರಕ್ಕೆ ಬಗ್ಗದ ಆದಾಯವೊಂದು ಊರಿನಲ್ಲಿರುವುದು ಎಷ್ಟು ದೊಡ್ಡದು ಎಂದು ಮಳೆ ನಂಬಿ ಬದುಕಿದವರಿಗೆ ಗೊತ್ತು.

2020ರ ಮಾರ್ಚಿನಲ್ಲಿ ಆ ಆದಾಯವೂ ನಿಂತಿತು. ಕೋವಿಡ್‌ಗೆ ಗಡಿ ಮುಚ್ಚಿದರು. ವಿಮಾನ ಇಲ್ಲ, ಪ್ರವಾಸಿ ಇಲ್ಲ, ಬೇಟೆಗಾರರೂ ಇಲ್ಲ. ನಮೀಬಿಯಾದ ಎಲ್ಲ ಕನ್ಸರ್ವೆನ್ಸಿಗಳಿಗೂ ಒಂದೇ ಏಟು. ಹಾಸಿಗೆ ಲೆಕ್ಕದಲ್ಲಿ ಬರುವ ಪಾಲು, ಹಾಸಿಗೆಯೇ ಖಾಲಿಯಾದರೆ ಸೊನ್ನೆ. ಆದಾಯವನ್ನೆಲ್ಲ ದೂರದ ದೇಶದವರ ರಜೆಯ ಮೇಲೆ ಕಟ್ಟಿದರೆ ಏನಾಗುತ್ತದೆ ಎಂಬುದು ಬಹಳ ಮಂದಿಗೆ ಅವತ್ತು ಅರ್ಥವಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಗಾರ್ತ್ ಓವನ್-ಸ್ಮಿತ್ ತೀರಿಕೊಂಡರು. ಗೇಮ್ ಗಾರ್ಡ್‌ಗಳನ್ನು ಮೊದಲು ನೇಮಿಸಿ ಆಗ ಮೂವತ್ತೇಳು ಮೂವತ್ತೆಂಟು ವರ್ಷ ಕಳೆದಿತ್ತು.

ಸರ್ಕಾರ, ದಾನಿಗಳು, ಸಂಸ್ಥೆಗಳು ಸೇರಿ ತುರ್ತು ನಿಧಿಯೊಂದನ್ನು ಮಾಡಿದರು. ಅದರಿಂದ ಕನ್ಸರ್ವೆನ್ಸಿಗಳ ಗಾರ್ಡ್‌ಗಳಿಗೆ ಸಂಬಳ ಹೋಯಿತು. ಸ್ವಂತ ಕಾಲ ಮೇಲೆ ನಿಂತಿದ್ದೇವೆ ಎಂದು ಹೆಮ್ಮೆ ಪಟ್ಟಿದ್ದ ಕನ್ಸರ್ವೆನ್ಸಿಗಳಿಗೂ ಆ ನೆರವು ಬೇಕಾಯಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ದೊಡ್ಡ ದೊಡ್ಡ ವಿಮಾನ ಕಂಪನಿಗಳೂ ಸರ್ಕಾರದ ಎದುರು ನಿಂತ ವರ್ಷ ಅದು.

ಆ ತಿಂಗಳುಗಳಲ್ಲಿ ಕುನೇನೆಯ ಗಾರ್ಡ್‌ಗಳು ಕೆಲಸ ನಿಲ್ಲಿಸಲಿಲ್ಲ. ಪ್ರವಾಸಿಗಳ ಜೀಪಿಲ್ಲದ ಬಯಲಿನಲ್ಲಿ ನಡೆದು ಹೋಗಿ ಹೆಜ್ಜೆ ಗುರುತು ನೋಡಿದರು. ಘೇಂಡಾಮೃಗ ಕಂಡರೆ, ಮೇಕೆ ಸತ್ತರೆ, ತೊಟ್ಟಿ ಒಡೆದರೆ ಎಂದಿನಂತೆ ಹಳದಿ ಪುಸ್ತಕ ತೆಗೆದು ಬರೆದರು.